ಮನೆಯಲ್ಲಿ ಸಣ್ಣ ಕೂಸಿದ್ದಾಗ ಅಡುಗೆ: ರೊಟ್ಟಿ, ಹಿಂಡಿ, ಒಂದು ಕುಕ್ಕರ್ ಬೇಳೆ

ತವರುಮನೆಯ ಬಾಣಂತನ ಮುಗಿಸಿ ಕೂಸಿನ ಜೊತೆ ವಾಪಸ್ ಬಂದ ಮೊದಲ ವಾರ ಇದೆಯಲ್ಲ, ಅಡುಗೆಮನೆಯ ಪರೀಕ್ಷೆ ಶುರುವಾಗುವುದು ಆಗಲೇ. ಅಲ್ಲಿ ಹೊತ್ತಿಗೆ ಸರಿಯಾಗಿ ತಾಟು ಮುಂದೆ ಬರುತ್ತಿತ್ತು. ಇಲ್ಲಿ ಕೂಸನ್ನು ಮಲಗಿಸಿ ಗ್ಯಾಸ್ ಹಚ್ಚುವಷ್ಟರಲ್ಲಿ ಅದು ಎದ್ದು ಕೂಗುತ್ತಿರುತ್ತದೆ. ಗಂಡ ಡ್ಯೂಟಿಗೆ ಹೋಗಬೇಕು, ಅವರ ಡಬ್ಬಿ ಕಟ್ಟಬೇಕು, ಹೆಂಡತಿಗೆ ಹಾಲುಣಿಸುವ ಹಸಿವು ಬೇರೆ, ಅದಂತೂ ಎರಡು ತಾಸಿಗೊಮ್ಮೆ ಬಂದು ಕೂರುತ್ತದೆ.

ಮೊಬೈಲ್ ತೆಗೆದರೆ ಸಲಹೆಗೇನೂ ಬರ ಇಲ್ಲ. ಭಾನುವಾರವೇ ಇಡೀ ವಾರದ ಅಡುಗೆ ಮಾಡಿ ಹತ್ತು ಗಾಜಿನ ಡಬ್ಬಿ ಸಾಲಾಗಿ ಜೋಡಿಸಿ ತೋರಿಸುತ್ತಾರೆ. ನೋಡಲು ಚಂದ. ಆದರೆ ಕಲಬುರಗಿಯ ಏಪ್ರಿಲ್ ತಿಂಗಳಲ್ಲಿ, 40 ಡಿಗ್ರಿ ದಾಟಿದ ಬಿಸಿಲಲ್ಲಿ, ಕರೆಂಟ್ ಹೋಗಿ ಬಂದು ಮಾಡುವಾಗ ಆ ಡಬ್ಬಿಗಳ ಗತಿ ಏನು ಅಂತ ಯಾರೂ ಹೇಳುವುದಿಲ್ಲ. ನನ್ನ ಮಟ್ಟಿಗೆ ನಮಗೆ ಅದರ ಅಗತ್ಯವೇ ಇಲ್ಲ. ನಮ್ಮ ಕಡೆಯ ಹಳೆಯ ಊಟವೇ ಪುರಸೊತ್ತಿಲ್ಲದವರ ಊಟ. ಹೊಲಕ್ಕೆ ಹೋಗುವವರು ಬುತ್ತಿಯಲ್ಲಿ ಕಟ್ಟಿಕೊಂಡು ಹೋಗುತ್ತಿದ್ದದ್ದು ಏನು? ಖಡಕ್ ರೊಟ್ಟಿ, ಹಿಂಡಿ (ಅಂದರೆ ಚಟ್ನಿಪುಡಿ), ಒಂದು ಉಳ್ಳಾಗಡ್ಡಿ (ಈರುಳ್ಳಿ), ಸ್ವಲ್ಪ ಪಲ್ಯ. ಕೆಡುವುದಿಲ್ಲ, ಬಿಸಿ ಮಾಡುವ ಗೊಡವೆ ಇಲ್ಲ, ಒಂದೇ ಕೈಯಲ್ಲಿ ತಿನ್ನಬಹುದು. ಇನ್ನೊಂದು ಕೈಯಲ್ಲಿ ಕೂಸು ಇರುವವರಿಗೆ ಇನ್ನೇನು ಬೇಕು.

ಹಾಗಾಗಿ ಇಲ್ಲಿ ಹೊಸ ಅಡುಗೆ ಏನೂ ಇಲ್ಲ. ಯಾವುದನ್ನು ಕೊಂಡು ತರಬೇಕು, ಯಾವುದನ್ನು ವಾರಕ್ಕೊಮ್ಮೆ ಮಾಡಿ ಡಬ್ಬಿಗೆ ಹಾಕಬೇಕು, ಯಾವುದನ್ನು ದಿನಾ ಮಾಡಲೇಬೇಕು ಎಂಬುದರ ಲೆಕ್ಕ ಮಾತ್ರ.

ರೊಟ್ಟಿ ಬಡಿಯಬೇಡಿ, ತನ್ನಿ

ಮೊದಲ ಆರು ತಿಂಗಳು ಮನೆಯಲ್ಲಿ ರೊಟ್ಟಿ ಬಡಿಯುವ ಯೋಚನೆ ಬಿಟ್ಟುಬಿಡಿ. ಇದನ್ನು ಅತ್ತೆಯ ಮುಂದೆ ಹೇಳುವುದು ಕಷ್ಟ, ಗೊತ್ತು. ಆದರೂ ಹಿಟ್ಟು ನಾದಿ, ಬಡಿದು, ನೀರು ಸವರಿ, ಹಂಚಿನ ಮುಂದೆ ಮುಕ್ಕಾಲು ತಾಸು ನಿಲ್ಲುವ ಕೆಲಸ ಅದು, ನಡುವೆ ಕೂಸು ಎದ್ದರೆ ನಿಲ್ಲಿಸಲೂ ಆಗುವುದಿಲ್ಲ. ಕಲಬುರಗಿಯಲ್ಲಿ ಓಣಿಗೊಬ್ಬರಾದರೂ ರೊಟ್ಟಿ ಮಾಡಿ ಮಾರುವ ತಾಯಂದಿರು ಸಿಗುತ್ತಾರೆ. ಈಗ ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಕಲಬುರಗಿ ರೊಟ್ಟಿ ಅನ್ನುವ ಹೆಸರಲ್ಲೇ ಮಾರುತ್ತಿದ್ದಾರೆ. ಖಡಕ್ ರೊಟ್ಟಿ ಒಂದು ಕಟ್ಟು ತಂದರೆ ಇಬ್ಬರಿಗೆ ವಾರ ಸರಿಹೋಗುತ್ತದೆ.

ಇಡುವ ಕ್ರಮ ಮಾತ್ರ ನೋಡಿಕೊಳ್ಳಿ. ತಂದ ತಕ್ಷಣ ಪ್ಲಾಸ್ಟಿಕ್ ಕವರ್‌ನಿಂದ ತೆಗೆದು, ಒಣ ಹತ್ತಿ ಬಟ್ಟೆಯಲ್ಲಿ ಸುತ್ತಿ ಸ್ಟೀಲ್ ಡಬ್ಬಿಯಲ್ಲಿಡಿ. ಮಳೆಗಾಲದಲ್ಲಿ ಮೆತ್ತಗಾದರೆ ಹಂಚಿನ ಮೇಲೆ ಸಣ್ಣ ಉರಿಯಲ್ಲಿ ಒಂದು ನಿಮಿಷ ಇಟ್ಟರೆ ಮತ್ತೆ ಖಡಕ್. ಮೆತ್ತಗಿನ ರೊಟ್ಟಿಯೇ ಬೇಕು ಎನ್ನುವವರು ಖಡಕ್ ರೊಟ್ಟಿಯ ಎರಡೂ ಬದಿ ನೀರು ಚಿಮುಕಿಸಿ, ಒದ್ದೆ ಬಟ್ಟೆಯಲ್ಲಿ ಐದು ನಿಮಿಷ ಮುಚ್ಚಿಡಿ. ಬಿಸಿ ರೊಟ್ಟಿಯಷ್ಟು ಚಂದ ಆಗುವುದಿಲ್ಲ, ಆದರೆ ಪಲ್ಯ ಹಿಡಿದುಕೊಳ್ಳುತ್ತದೆ.

ಇನ್ನು ತೀರಾ ಸುಸ್ತಾದ ರಾತ್ರಿಗೆ ಒಂದು ಊಟ ಇದೆ. ರೊಟ್ಟಿಯನ್ನು ಕೈಯಲ್ಲಿ ಮುರಿದು ಬಟ್ಟಲಿಗೆ ಹಾಕಿ, ಮೇಲೆ ಬಿಸಿ ಬೇಳೆ ಸಾರು ಸುರಿದು, ಒಂದು ಚಮಚ ತುಪ್ಪ ಬಿಟ್ಟು, ಎರಡು ನಿಮಿಷ ನೆನೆಯಲು ಬಿಡಿ. ಚಮಚದಲ್ಲಿ ತಿನ್ನಿ. ಕೂಸು ಹೆಗಲ ಮೇಲೆ ಇದ್ದರೂ ಊಟ ಆಗುತ್ತದೆ. ಇದಕ್ಕೆ ಪಾಕವಿಧಾನ ಅನ್ನುವ ದೊಡ್ಡ ಹೆಸರು ಬೇಡ, ಆದರೆ ನಾನು ನೋಡಿದ ಎಷ್ಟೋ ಮನೆಗಳಲ್ಲಿ ವಾರಕ್ಕೆ ಎರಡು ದಿನ ರಾತ್ರಿಯ ಊಟ ಇದೇ.

ಹಿಂಡಿಯ ಡಬ್ಬಿ ಖಾಲಿಯಾಗಬಾರದು

ಶೇಂಗಾ ಹಿಂಡಿ ಇದ್ದರೆ ಅರ್ಧ ಚಿಂತೆ ಕಡಿಮೆ. ಎರಡು ಬಟ್ಟಲು ಶೇಂಗಾವನ್ನು ಸಣ್ಣ ಉರಿಯಲ್ಲಿ ಹುರಿಯಿರಿ. ಅವಸರ ಮಾಡಿ ಉರಿ ಜಾಸ್ತಿ ಇಟ್ಟರೆ ಹೊರಗೆ ಕಪ್ಪು, ಒಳಗೆ ಹಸಿ. ಸಿಪ್ಪೆ ಬೆರಳಲ್ಲಿ ತಿಕ್ಕಿದರೆ ಬಿಡಬೇಕು, ಕಾಳು ಕಡಿದರೆ ಕಟ್ ಅನ್ನಬೇಕು. ಪೂರ್ತಿ ಆರಿದ ಮೇಲೆ ಸಿಪ್ಪೆ ತೆಗೆದು, ಹತ್ತು ಹನ್ನೆರಡು ಎಸಳು ಬಳ್ಳೊಳ್ಳಿ (ಬೆಳ್ಳುಳ್ಳಿ), ಒಂದು ಚಮಚ ಜೀರಿಗೆ, ಎರಡು ಚಮಚ ಕೆಂಪು ಖಾರ, ರುಚಿಗೆ ಉಪ್ಪು ಸೇರಿಸಿ ಮಿಕ್ಸರ್‌ಗೆ ಹಾಕಿ. ಮಿಕ್ಸರ್ ಒಂದೇ ಸಮ ಓಡಿಸಬೇಡಿ. ಹಚ್ಚಿ, ನಿಲ್ಲಿಸಿ, ಡಬ್ಬಿ ಅಲ್ಲಾಡಿಸಿ, ಮತ್ತೆ ಹಚ್ಚಿ. ನಿಲ್ಲಿಸದೆ ತಿರುಗಿಸಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ, ಆಮೇಲೆ ಅದು ಹಿಂಡಿ ಅಲ್ಲ. ಒಳಕಲ್ಲಿನಲ್ಲಿ ಕುಟ್ಟಿದ ರುಚಿ ಬರುವುದಿಲ್ಲ ಎನ್ನುತ್ತಾರೆ ಹಿರಿಯರು. ನಿಜವೇ. ಆದರೆ ಈಗ ಕುಟ್ಟುವ ಕಾಲ ಅಲ್ಲ, ಕೂಸು ನಡೆಯಲಿ, ಆಮೇಲೆ ನೋಡೋಣ.

ಬಳ್ಳೊಳ್ಳಿಯ ಹಸಿ ತೇವ ಇರುವುದರಿಂದ ಒಂದು ಸಲಕ್ಕೆ ವಾರದಷ್ಟೇ ಮಾಡಿ. ಎಸಳುಗಳನ್ನು ಶೇಂಗಾದ ಜೊತೆ ಕೊನೆಯ ಎರಡು ನಿಮಿಷ ಹುರಿದರೆ ಇನ್ನೂ ಸ್ವಲ್ಪ ದಿನ ಬರುತ್ತದೆ. ಅಗಸಿ ಹಿಂಡಿಯೂ ಇದೇ ಕ್ರಮ, ಅಗಸಿಯನ್ನು ಚಟಪಟ ಸಿಡಿಯುವ ತನಕ ಹುರಿಯಬೇಕು, ಸಿಡಿಯುವುದು ನಿಲ್ಲುತ್ತಿದ್ದಂತೆ ಇಳಿಸಬೇಕು, ಇಲ್ಲದಿದ್ದರೆ ಕಹಿ. ಗುರೆಳ್ಳು (ಹುಚ್ಚೆಳ್ಳು) ಹಿಂಡಿಯ ರುಚಿ ಎಲ್ಲರಿಗೂ ಹಿಡಿಸುವುದಿಲ್ಲ, ನನಗಂತೂ ಮೂರರಲ್ಲಿ ಅದೇ ಮೇಲು.

ಹಿಂಡಿಯನ್ನು ಬರೀ ರೊಟ್ಟಿಗೆ ಅಂತ ಇಡಬೇಡಿ. ಕೆನೆ ಮೊಸರಿಗೆ ಎರಡು ಚಮಚ ಕಲಸಿದರೆ ಪಲ್ಯ. ಬಿಸಿ ಅನ್ನಕ್ಕೆ ಹಿಂಡಿ, ಮೇಲೆ ಕಾಯಿಸಿದ ಎಣ್ಣೆ ಒಂದು ಚಮಚ, ಆಯಿತು ಗಂಡನ ಡಬ್ಬಿ. ಬದನೆಕಾಯಿಯನ್ನು ನಾಲ್ಕು ಸೀಳು ಮಾಡಿ ಇದೇ ಹಿಂಡಿಗೆ ಸ್ವಲ್ಪ ಹುಣಸೆರಸ, ಬೆಲ್ಲ ಕಲಸಿ ತುಂಬಿ ಎಣ್ಣೆಯಲ್ಲಿ ಬಾಡಿಸಿ, ಅರ್ಧ ಬಟ್ಟಲು ನೀರು ಹಾಕಿ ಮುಚ್ಚಿ ಬೇಯಿಸಿದರೆ ಎಣ್ಣೆಗಾಯಿ. ಮಸಾಲೆ ರುಬ್ಬುವ ಕೆಲಸವೇ ಇಲ್ಲ.

ಬೇಳೆ ಒಮ್ಮೆ ಬೇಯಿಸಿ, ಮೂರು ಕಡೆ ಹಂಚಿ

ನಾವು ಇರುವುದು ತೊಗರಿಯ ನಾಡಿನಲ್ಲಿ. ಗುಲಬರ್ಗಾ ತೊಗರಿ ಬೇಳೆಗೆ 2019ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿದೆ, ಹೊರಗಿನವರು ಹೆಸರು ಹೇಳಿ ಕೇಳಿ ತರಿಸಿಕೊಳ್ಳುತ್ತಾರೆ. ನಮ್ಮಲ್ಲಿ ಅಂಗಡಿಯವನು ಹೊಸದೋ ಹಳೆಯದೋ ಹೇಳದೆ ತೂಗಿ ಕೊಟ್ಟುಬಿಡುತ್ತಾನೆ, ಕೇಳಿಯೇ ತನ್ನಿ. ಹಳೆಯ ಬೇಳೆ ಎಷ್ಟು ಸೀಟಿ ಹೊಡೆಸಿದರೂ ಬೇಗ ಕರಗುವುದಿಲ್ಲ, ಗ್ಯಾಸ್ ಮತ್ತು ತಾಳ್ಮೆ ಎರಡೂ ಖರ್ಚು.

ಒಂದು ಬಟ್ಟಲು ಬೇಳೆ ತೊಳೆದು ಅರ್ಧ ತಾಸು ನೆನೆಸಿ. ಮೂರು ಬಟ್ಟಲು ನೀರು, ಚಿಟಿಕೆ ಅರಿಶಿನ, ನಾಲ್ಕು ಹನಿ ಎಣ್ಣೆ. ಉಪ್ಪು ಹಾಕಬೇಡಿ, ಕಾರಣ ಮುಂದೆ ಹೇಳುತ್ತೇನೆ. ಐದು ಲೀಟರ್ ಕುಕ್ಕರ್ ಇದ್ದರೆ ತಳದಲ್ಲಿ ಬೇಳೆ, ಅದರ ಮೇಲೆ ಒಂದು ಸ್ಟ್ಯಾಂಡ್, ಸ್ಟ್ಯಾಂಡ್ ಮೇಲೆ ಪಾತ್ರೆಯಲ್ಲಿ ಅನ್ನ. ನಾಲ್ಕು ಸೀಟಿ. ಪ್ರೆಷರ್ ತಾನಾಗಿಯೇ ಇಳಿಯಲಿ. ಆ ಹೊತ್ತಿನಲ್ಲಿ ಅಡುಗೆಮನೆಯಲ್ಲಿ ನಿಲ್ಲಬೇಕಾಗಿಲ್ಲ, ಕೂಸಿಗೆ ಹಾಲು ಕುಡಿಸಿ ಬನ್ನಿ. ಸೀಟಿ ಲೆಕ್ಕ ಮರೆತುಹೋಗುತ್ತದೆ ಎನ್ನುವವರು ಮೊಬೈಲ್‌ನಲ್ಲಿ ಹದಿನೈದು ನಿಮಿಷದ ಅಲಾರಂ ಇಡಿ. ನಿದ್ದೆಗೆಟ್ಟ ತಲೆಯನ್ನು ನಂಬಿ ಗ್ಯಾಸ್ ಮೇಲೆ ಏನನ್ನೂ ಇಡಬಾರದು.

ಬೆಂದ ಬೇಳೆಯಲ್ಲಿ ಮೊದಲ ಪಾಲು ಕೂಸಿನದು, ಆರು ತಿಂಗಳು ತುಂಬಿದ್ದರೆ. ಎರಡು ಸೌಟು ತೆಗೆದು ಬದಿಗಿಡಿ. ಉಪ್ಪು ಹಾಕಬೇಡಿ ಎಂದದ್ದು ಇದಕ್ಕೇ. ಮೊದಲೇ ಉಪ್ಪು ಖಾರ ಬಿದ್ದರೆ ಕೂಸಿಗೆ ಬೇರೆ ಕುಕ್ಕರ್ ಇಡಬೇಕಾಗುತ್ತದೆ.

ಎರಡನೇ ಪಾಲು ಆ ದಿನದ ಖಾರಬ್ಯಾಳಿ. ಕಡಾಯಿಯಲ್ಲಿ ಎಣ್ಣೆ, ಸಾಸಿವೆ, ಜೀರಿಗೆ, ಜಜ್ಜಿದ ಬಳ್ಳೊಳ್ಳಿ ಧಾರಾಳ, ಕರಿಬೇವು, ಒಂದು ಉಳ್ಳಾಗಡ್ಡಿ, ಖಾರದ ಪುಡಿ. ಬೇಳೆ ಸುರಿದು, ಹುಣಸೆರಸ, ಉಪ್ಪು, ಚೂರು ಬೆಲ್ಲ. ಐದು ನಿಮಿಷ ಕುದಿಸಿ. ಬಳ್ಳೊಳ್ಳಿ ಕೆಂಪಗಾಗುವ ತನಕ ಬಿಡಬೇಕು, ಅದರಲ್ಲಿ ಮಾತ್ರ ಅವಸರ ಬೇಡ. ಇಡೀ ಸಾರಿನ ರುಚಿ ಇರುವುದೇ ಅಲ್ಲಿ.

ಮೂರನೇ ಪಾಲು ಪುಂಡಿ ಪಲ್ಯಕ್ಕೆ, ಅಂದರೆ ಗೋಂಗುರ ಸೊಪ್ಪಿನ ಪಲ್ಯಕ್ಕೆ. ಪುಂಡಿ ಬಿಡಿಸುವುದು ಬೇಜಾರಿನ ಕೆಲಸ ನಿಜ, ಆದರೆ ಕೂತು ಮಾಡುವ ಕೆಲಸ. ಕೂಸು ಆಡುವಾಗ ಪಕ್ಕದಲ್ಲಿ ಕೂತು ಎಲೆ ಬಿಡಿಸಬಹುದು, ಅಥವಾ ಟಿವಿ ನೋಡುವ ಗಂಡನ ಮುಂದೆ ಸಿವುಡು ಇಟ್ಟು ಬರಬಹುದು. ಒಂದು ದೊಡ್ಡ ಸಿವುಡು ಪುಂಡಿ ತೊಳೆದು ಹೆಚ್ಚಿ, ನೆನೆಸಿದ ಜೋಳದ ನುಚ್ಚು ಕಾಲು ಬಟ್ಟಲು, ಹಸಿಮೆಣಸಿನಕಾಯಿ ಐದಾರು, ಒಂದೂವರೆ ಬಟ್ಟಲು ನೀರು ಹಾಕಿ ಕುಕ್ಕರ್‌ನಲ್ಲಿ ಮೂರು ಸೀಟಿ. ಹುಳಿ ಜಾಸ್ತಿ ಬೇಡ ಎನ್ನುವವರು ಸೊಪ್ಪನ್ನು ಮೊದಲು ಬೇರೆ ಕುದಿಸಿ ನೀರು ಬಸಿಯುತ್ತಾರೆ. ಬೆಂದದ್ದಕ್ಕೆ ಬೇಳೆ, ಉಪ್ಪು ಹಾಕಿ ಕಡಗೋಲಿನಲ್ಲಿ ಚೆನ್ನಾಗಿ ಮಸೆಯಿರಿ. ಸೊಪ್ಪು, ನುಚ್ಚು, ಬೇಳೆ ಮೂರೂ ಒಂದಾಗಿ ಪಲ್ಯ ಗಟ್ಟಿಯಾಗಬೇಕು. ಮೇಲೆ ಬಳ್ಳೊಳ್ಳಿ ಒಗ್ಗರಣೆ. ಮಾಡಿದ ದಿನಕ್ಕಿಂತ ಮರುದಿನ ಇದರ ರುಚಿ ಏರುತ್ತದೆ, ಅದಕ್ಕೇ ಈ ಪಟ್ಟಿಯಲ್ಲಿ ಜಾಗ. ಫ್ರಿಡ್ಜ್‌ನಲ್ಲಿಟ್ಟರೆ ಎರಡು ದಿನ ನಡೆಯುತ್ತದೆ. ಬುತ್ತಿಗೆ, ರಾತ್ರಿಗೆ, ನಡುರಾತ್ರಿ ಹಾಲುಣಿಸಿ ಹಸಿವಾದಾಗ ರೊಟ್ಟಿಗೆ ಹಚ್ಚಿ ತಿನ್ನಲಿಕ್ಕೆ, ಎಲ್ಲದಕ್ಕೂ ಆಗುತ್ತದೆ.

ಬೇಸಿಗೆಯಲ್ಲಿ ಒಂದು ಎಚ್ಚರಿಕೆ. ಬೇಯಿಸಿದ ಅನ್ನ, ಬೇಳೆಯನ್ನು ಹೊರಗೆ ಎರಡು ತಾಸಿಗಿಂತ ಹೆಚ್ಚು ಬಿಡಬಾರದು, ನಮ್ಮ ಮೇ ತಿಂಗಳ ಸೆಕೆಗೆ ಒಂದೇ ತಾಸು ಅಂತ ಇಟ್ಟುಕೊಳ್ಳಿ. ಬಿಸಿ ಪಾತ್ರೆಯನ್ನು ತಣ್ಣೀರಿನ ಪರಾತದಲ್ಲಿ ಇಟ್ಟು ಬೇಗ ಆರಿಸಿ, ಸಣ್ಣ ಡಬ್ಬಿಗಳಿಗೆ ಹಂಚಿ ಫ್ರಿಡ್ಜ್‌ಗೆ ಸೇರಿಸಿ. ಕರೆಂಟ್ ತುಂಬಾ ಹೊತ್ತು ಹೋಗಿದ್ದರೆ ಮೂಸಿ ನೋಡಿ ಪರವಾಗಿಲ್ಲ ಅನ್ನಬೇಡಿ, ವಾಸನೆ ಬರುವ ಮೊದಲೇ ಅನ್ನ ಕೆಟ್ಟಿರಬಹುದು. ಕೂಸಿಗಂತೂ ಆ ಹೊತ್ತಿನದು ಆ ಹೊತ್ತಿಗೆ.

ಬೇಳೆಯೂ ಇಲ್ಲ, ಪಲ್ಯವೂ ಇಲ್ಲ ಎನ್ನುವ ದಿನ

ಅಂಥ ದಿನಕ್ಕೆ ಪಿಟ್ಲ. ಅರ್ಧ ಬಟ್ಟಲು ಕಡಲೆಹಿಟ್ಟನ್ನು ಎರಡು ಬಟ್ಟಲು ನೀರಲ್ಲಿ ಗಂಟಿಲ್ಲದಂತೆ ಕಲಸಿ. ಒಗ್ಗರಣೆಗೆ ಸಾಸಿವೆ, ಜೀರಿಗೆ, ಬಳ್ಳೊಳ್ಳಿ, ಹಸಿಮೆಣಸಿನಕಾಯಿ, ಉಳ್ಳಾಗಡ್ಡಿ, ಅರಿಶಿನ. ಹಿಟ್ಟಿನ ನೀರು ಸುರಿದು ಕೈ ಬಿಡದೆ ತಿರುವಿ. ಮೊದಲು ತೆಳ್ಳಗಿರುತ್ತದೆ, ನೋಡನೋಡುತ್ತಿದ್ದಂತೆ ಗಟ್ಟಿಯಾಗುತ್ತದೆ. ಹಸಿ ಹಿಟ್ಟಿನ ವಾಸನೆ ಹೋಗುವ ತನಕ ಸಣ್ಣ ಉರಿಯಲ್ಲಿ ಐದು ನಿಮಿಷ ಬಿಡಿ. ಒಟ್ಟು ಹತ್ತು ಹನ್ನೆರಡು ನಿಮಿಷದ ಕೆಲಸ. ರೊಟ್ಟಿ, ಪಿಟ್ಲ, ಕಡಿಯಲು ಉಳ್ಳಾಗಡ್ಡಿ. ಕೆಲವರು ಕಡಲೆಹಿಟ್ಟಿನಿಂದ ಹಾಲು ಕುಡಿಯುವ ಕೂಸಿಗೆ ವಾಯು ಆಗುತ್ತದೆ ಎನ್ನುತ್ತಾರೆ. ಆ ಮಾತಿಗೆ ಆಮೇಲೆ ಬರುತ್ತೇನೆ.

ಮುಂಜಾನೆಗೆ ಸುಸಲಾ. ಚುರುಮುರಿ ಅಂದರೆ ಮಂಡಕ್ಕಿಯನ್ನು ನೀರಿಗೆ ಹಾಕಿದ ಕೂಡಲೇ ಎರಡೂ ಕೈಯಲ್ಲಿ ಹಿಂಡಿ ತೆಗೆಯಬೇಕು, ನೆನೆಯಲು ಬಿಟ್ಟರೆ ಗಂಜಿ. ಒಗ್ಗರಣೆಯಲ್ಲಿ ಉಳ್ಳಾಗಡ್ಡಿ, ಟೊಮ್ಯಾಟೊ, ಹಸಿಮೆಣಸಿನಕಾಯಿ ಬಾಡಿಸಿ, ಚುರುಮುರಿ ಹಾಕಿ, ಮೇಲೆ ಮೂರು ಚಮಚ ಪುಟಾಣಿ (ಹುರಿಗಡಲೆ) ಹಿಟ್ಟು ಉದುರಿಸಿ ಕಲಸಿ, ಲಿಂಬೆ ಹಿಂಡಿ. ಪುಟಾಣಿ ಹಿಟ್ಟಿನ ಡಬ್ಬಿ ಯಾವಾಗಲೂ ತುಂಬಿರಲಿ. ಬರೀ ಚುರುಮುರಿ ತಿಂದರೆ ತಾಸಿನಲ್ಲಿ ಹಸಿವು, ಪುಟಾಣಿ ಬಿದ್ದರೆ ಹೊಟ್ಟೆ ಸ್ವಲ್ಪ ಹೊತ್ತು ತಡೆಯುತ್ತದೆ. ಹುರಿದ ಶೇಂಗಾ ಹಾಕಿದರೆ ಇನ್ನೂ ಒಳ್ಳೆಯದು.

ರಜೆಯ ದಿನ ಅಥವಾ ಯಾರಾದರೂ ಊಟಕ್ಕೆ ಬಂದುಬಿಟ್ಟರೆ ತಹರಿ. ಒಂದೇ ಕುಕ್ಕರ್, ಒಂದೇ ಪಾತ್ರೆ ತೊಳೆಯುವ ಕೆಲಸ. ಎಣ್ಣೆ ತುಪ್ಪ ಎರಡೂ ಸೇರಿಸಿ ಬಿಸಿ ಮಾಡಿ, ಲವಂಗ, ಚಕ್ಕೆ, ಏಲಕ್ಕಿ, ಶಾಜೀರಾ, ಉದ್ದಕ್ಕೆ ಹೆಚ್ಚಿದ ಎರಡು ಉಳ್ಳಾಗಡ್ಡಿ ಕೆಂಪಗಾಗಲಿ. ಶುಂಠಿ ಬಳ್ಳೊಳ್ಳಿ ಪೇಸ್ಟ್, ಅರಿಶಿನ, ಖಾರ, ಟೊಮ್ಯಾಟೊ, ಆಲೂಗಡ್ಡೆ, ಬಟಾಣಿ, ಗಜ್ಜರಿ (ಕ್ಯಾರೆಟ್), ಸ್ವಲ್ಪ ಮೊಸರು. ಎರಡು ಬಟ್ಟಲು ಅಕ್ಕಿಗೆ ಮೂರೂವರೆ ಬಟ್ಟಲು ನೀರು, ಎರಡು ಸೀಟಿ. ಮಾಂಸ ತಿನ್ನುವವರು ಮಟನ್ ಹಾಕಿ ಮಾಡುತ್ತಾರೆ. ಅದಕ್ಕೆ ಮಾಂಸವನ್ನು ಮೊದಲೇ ಬೇರೆ ಬೇಯಿಸಿಕೊಳ್ಳಬೇಕು, ಹಾಗಾಗಿ ಕೂಸು ಸ್ವಲ್ಪ ದೊಡ್ಡದಾಗುವ ತನಕ ತರಕಾರಿ ತಹರಿಯೇ ಸುಲಭ.

ಬಾಣಂತಿ ಏನು ತಿನ್ನಬಾರದು ಎನ್ನುವ ಜಗಳ

ಬದನೆಕಾಯಿ ಬೇಡ, ಕಡಲೆ ಬೇಡ, ಮೊಸರು ಬೇಡ, ಬಾಳೆಹಣ್ಣು ತಂಪು, ನೀರು ಜಾಸ್ತಿ ಕುಡಿಯಬೇಡ. ಪಟ್ಟಿ ಮನೆಯಿಂದ ಮನೆಗೆ ಬೇರೆ. ಸಾಮಾನ್ಯವಾಗಿ ಹಾಲುಣಿಸುವ ತಾಯಿ ಮನೆಯವರೆಲ್ಲ ತಿನ್ನುವ ಊಟವನ್ನೇ ತಿನ್ನಬಹುದು. ಯಾವುದೋ ಒಂದು ಪದಾರ್ಥ ತಿಂದಾಗಲೆಲ್ಲ ಕೂಸಿಗೆ ಮೈಮೇಲೆ ದದ್ದು, ಭೇದಿ, ವಾಂತಿ ಕಾಣಿಸಿದರೆ ಅದನ್ನು ಡಾಕ್ಟರಿಗೆ ಹೇಳಿ. ಇಲ್ಲದಿದ್ದರೆ ಪಿಟ್ಲ ತಿನ್ನಲು ಯಾರ ಅಪ್ಪಣೆಯೂ ಬೇಡ. ಅತ್ತೆಯ ಜೊತೆ ವಾದ ಬೇಕಿಲ್ಲ, ಹೂಂ ಅಂದು ಸ್ವಲ್ಪ ಸ್ವಲ್ಪ ಶುರು ಮಾಡಿ.

ನೀರಿನ ಮಾತು ಮಾತ್ರ ಬಿಟ್ಟುಕೊಡಬೇಡಿ. ನಮ್ಮ ಬಿಸಿಲಲ್ಲಿ ಹಾಲುಣಿಸುವವರಿಗೆ ನೀರು ಕಡಿಮೆ ಮಾಡುವುದು ಸರಿಯಲ್ಲ. ಪ್ರತಿ ಸಲ ಕೂಸನ್ನು ಹಾಲಿಗೆ ತೆಗೆದುಕೊಳ್ಳುವಾಗ ಪಕ್ಕದಲ್ಲಿ ಒಂದು ಚಂಬು ನೀರು ಇರಲಿ, ಅದನ್ನು ತಂದಿಡುವುದು ಗಂಡನ ಕೆಲಸ ಅಂತ ಮೊದಲ ದಿನವೇ ಹಂಚಿಬಿಡಿ. ತೆಳ್ಳಗಿನ ಜೋಳದ ಅಂಬಲಿಗೆ ಮಜ್ಜಿಗೆ, ಉಪ್ಪು ಹಾಕಿ ಕುಡಿದರೂ ಆಗುತ್ತದೆ.

ಹಿರಿಯರು ಹೇಳುವುದರಲ್ಲಿ ಸಬ್ಬಸಿಗೆ ಪಲ್ಯ, ಮೆಂತ್ಯ, ಬಳ್ಳೊಳ್ಳಿ, ತುಪ್ಪ, ಬಿಸಿ ಊಟ ಇವೆಲ್ಲ ಇರಲಿ, ರುಚಿಯೂ ಹೌದು. ಹೆರಿಗೆಯಾದ ಮೇಲೆ ರಕ್ತ ಕಡಿಮೆ ಇದ್ದರೆ ಡಾಕ್ಟರ್ ಕೊಟ್ಟ ಕಬ್ಬಿಣದ ಗುಳಿಗೆ ನಿಲ್ಲಿಸಬೇಡಿ. ಊಟದ ಜೊತೆಗೇ ಚಹಾ ಕುಡಿದರೆ ಕಬ್ಬಿಣದ ಅಂಶ ಮೈಗೆ ಹತ್ತುವುದು ಕಡಿಮೆಯಾಗುತ್ತದೆ, ಒಂದು ತಾಸು ಬಿಟ್ಟು ಕುಡಿಯಿರಿ. ಕಲಬುರಗಿಯವರಿಗೆ ಚಹಾ ಬಿಡಿ ಎಂದು ಹೇಳುವ ಧೈರ್ಯ ನನಗಿಲ್ಲ.

ಸಿಹಿ: ಡಬ್ಬಿಯದು, ಹತ್ತು ನಿಮಿಷದ್ದು

ಅಂಟಿನ ಉಂಡೆಯನ್ನು ಒಮ್ಮೆ ಮಾಡಿಟ್ಟರೆ ತಿಂಗಳು ನಡೆಯುತ್ತದೆ. ಇದನ್ನು ಒಬ್ಬರೇ ಮಾಡಬೇಡಿ. ಅವ್ವನೋ ಅತ್ತೆಯೋ ಬಂದಿದ್ದಾಗ, ಅಥವಾ ಗಂಡನಿಗೆ ರಜೆ ಇರುವ ದಿನ ಮಾಡಿ. ಸಾಮಾನು ಕಲಬುರಗಿಯ ಸೂಪರ್ ಮಾರ್ಕೆಟ್ ಪ್ರದೇಶದ ಕಿರಾಣಿ ಅಂಗಡಿಗಳಲ್ಲಿ ಒಂದೇ ಕಡೆ ಸಿಗುತ್ತದೆ. ಒಣ ಕೊಬ್ಬರಿ ಅರ್ಧ ಕಿಲೋ, ಉತ್ತತ್ತಿ (ಒಣ ಖರ್ಜೂರ) ಕಾಲು ಕಿಲೋ, ಅಂಟು (ತಿನ್ನುವ ಗೋಂದು) 100 ಗ್ರಾಂ, ಬಾದಾಮಿ ಗೋಡಂಬಿ ತಲಾ 100 ಗ್ರಾಂ, ಗಸಗಸೆ 50 ಗ್ರಾಂ, ಬೆಲ್ಲ 300 ಗ್ರಾಂ, ತುಪ್ಪ 150 ಗ್ರಾಂ, ಏಲಕ್ಕಿ, ಜಾಜಿಕಾಯಿ ಚೂರು.

ಉತ್ತತ್ತಿಯ ಬೀಜ ತೆಗೆಯುವುದೇ ದೊಡ್ಡ ಕೆಲಸ. ಹಿಂದಿನ ದಿನವೇ ಕುಟ್ಟಿ ಬೀಜ ತೆಗೆದು ಬಿಸಿಲಿಗೆ ಇಡಿ, ಮಿಕ್ಸರ್‌ನಲ್ಲಿ ಸುಲಭವಾಗಿ ತರಿಯಾಗುತ್ತದೆ. ಕೊಬ್ಬರಿ ತುರಿದು ಹಗುರವಾಗಿ ಹುರಿಯಿರಿ, ಬಣ್ಣ ಬದಲಾಗಬಾರದು. ಗಸಗಸೆ ಬೇರೆ, ಬಾದಾಮಿ ಗೋಡಂಬಿ ಬೇರೆ ಹುರಿದು ತರಿ ಮಾಡಿ. ಈಗ ಅಂಟು. ತುಪ್ಪ ಹದವಾಗಿ ಕಾದಿರಬೇಕು, ಒಂದು ಹರಳು ಹಾಕಿದರೆ ಮೆಲ್ಲಗೆ ಅರಳಬೇಕು. ನಾಲ್ಕೈದು ಹರಳಿಗಿಂತ ಹೆಚ್ಚು ಒಮ್ಮೆಗೆ ಹಾಕಬೇಡಿ. ತುಪ್ಪ ಜಾಸ್ತಿ ಕಾದರೆ ಹೊರಗೆ ಅರಳಿ ಒಳಗೆ ಕಲ್ಲಾಗಿಯೇ ಉಳಿಯುತ್ತದೆ, ತಿನ್ನುವಾಗ ಹಲ್ಲಿಗೆ ಅಂಟುತ್ತದೆ. ಒಂದನ್ನು ತೆಗೆದು ಬೆರಳಲ್ಲಿ ಒತ್ತಿ ನೋಡಿ. ಪುಡಿಪುಡಿಯಾಗಿ ಒಳಗೆಲ್ಲ ಬಿಳಿ ಕಂಡರೆ ಸರಿ.

ಬೆಲ್ಲಕ್ಕೆ ಕಾಲು ಬಟ್ಟಲು ನೀರು ಹಾಕಿ ಕರಗಿಸಿ, ಸೋಸಿ, ಒಂದೆಳೆ ಪಾಕ ಬರುತ್ತಿದ್ದಂತೆ ಇಳಿಸಿ. ಎಲ್ಲವನ್ನೂ ಸೇರಿಸಿ, ಅಂಟನ್ನು ಕೈಯಲ್ಲೇ ಪುಡಿ ಮಾಡಿ ಹಾಕಿ, ಬಿಸಿ ಇರುವಾಗಲೇ ಉಂಡೆ ಕಟ್ಟಿ. ಆರಿದರೆ ಕಟ್ಟಲು ಬರುವುದಿಲ್ಲ, ಆಗ ಒಂದು ಚಮಚ ಬಿಸಿ ತುಪ್ಪ ಹಾಕಿ ಮತ್ತೆ ಕಲಸಿ. ಅದಕ್ಕೂ ಬರದಿದ್ದರೆ ಹಾಗೇ ಪುಡಿಯಾಗಿ ಡಬ್ಬಿಗೆ ಹಾಕಿ ಚಮಚದಲ್ಲಿ ತಿನ್ನಿ, ಯಾರೂ ಕೇಳುವುದಿಲ್ಲ. ದಿನಕ್ಕೆ ಒಂದು ಸಾಕು. ಬಸಿರಿದ್ದಾಗ ಸಕ್ಕರೆ ಕಾಯಿಲೆ ಕಾಣಿಸಿಕೊಂಡವರು ಇದನ್ನು ಡಾಕ್ಟರಿಗೆ ಕೇಳಿಯೇ ತಿನ್ನಬೇಕು.

ಇಷ್ಟೆಲ್ಲ ಆಗುವುದಿಲ್ಲ ಅಂದರೆ ಶೇಂಗಾ ಉಂಡೆ. ಹುರಿದು ಸಿಪ್ಪೆ ತೆಗೆದ ಶೇಂಗಾ ಎರಡು ಬಟ್ಟಲು, ತುರಿದ ಬೆಲ್ಲ ಒಂದು ಬಟ್ಟಲು, ಏಲಕ್ಕಿ. ಹಿಂಡಿಗೆ ಮಾಡಬೇಡಿ ಅಂದದ್ದನ್ನು ಇಲ್ಲಿ ಮಾಡಿ, ಮಿಕ್ಸರ್ ಎಣ್ಣೆ ಬಿಡುವ ತನಕ ಓಡಲಿ. ಆ ಎಣ್ಣೆಯಲ್ಲೇ ಉಂಡೆ ಕಟ್ಟಲು ಬರುತ್ತದೆ, ಪಾಕ ಬೇಡ, ತುಪ್ಪ ಬೇಡ. ಹಿಂಡಿಗೆ ಹುರಿಯುವಾಗಲೇ ಇದಕ್ಕೂ ಸೇರಿಸಿ ಹುರಿದರೆ ಒಂದೇ ಕೆಲಸದಲ್ಲಿ ಎರಡು ಡಬ್ಬಿ.

ಬಿಸಿಬಿಸಿ ಸಿಹಿ ಬೇಕೆನಿಸಿದ ಸಂಜೆಗೆ ಸಜ್ಜಕ. ಒಂದು ಬಟ್ಟಲು ಗೋಧಿ ರವೆಯನ್ನು ಎರಡು ಚಮಚ ತುಪ್ಪದಲ್ಲಿ ಘಮ್ಮೆನ್ನುವ ತನಕ ಹುರಿದು, ಮೂರು ಬಟ್ಟಲು ಕುದಿಯುವ ನೀರು ಹಾಕಿ, ರವೆ ಪೂರ್ತಿ ಬೆಂದ ಮೇಲೆ ಒಂದು ಬಟ್ಟಲು ಬೆಲ್ಲ. ಬೆಲ್ಲ ಮೊದಲೇ ಹಾಕಿದರೆ ರವೆ ಸರಿಯಾಗಿ ಬೇಯುವುದಿಲ್ಲ. ತಾಟಿಗೆ ಹಾಕಿ ಮೇಲೆ ಹಾಲು, ತುಪ್ಪ.

ರಾತ್ರಿ ಉಳಿದ ಚಪಾತಿಯಲ್ಲಿ ಮಾದಲಿ ಮಾಡುವುದು ನನಗೆ ಎಲ್ಲಕ್ಕಿಂತ ಇಷ್ಟ. ನಿಜವಾದ ಮಾದಲಿಗೆ ದಪ್ಪ ರೊಟ್ಟಿ ಮಾಡಿ ಬೇಯಿಸಿ ಪುಡಿ ಮಾಡಬೇಕು, ಅದಕ್ಕೆ ಹೊತ್ತು ಎಲ್ಲಿ. ನಾಲ್ಕು ಚಪಾತಿಯನ್ನು ಹಂಚಿನ ಮೇಲೆ ಸಣ್ಣ ಉರಿಯಲ್ಲಿ ಹಪ್ಪಳದಂತೆ ಗರಿಗರಿ ಮಾಡಿ, ಆರಿಸಿ, ಮಿಕ್ಸರ್‌ನಲ್ಲಿ ರವೆಯಷ್ಟು ತರಿ ಮಾಡಿ. ಪುಟಾಣಿ ಹಿಟ್ಟು ಎರಡು ಚಮಚ, ತುರಿದ ಕೊಬ್ಬರಿ, ಬೆಲ್ಲದ ಪುಡಿ, ಏಲಕ್ಕಿ, ಚೂರು ಬಡೇಸೋಪು ಸೇರಿಸಿ ಕಲಸಿ. ತಿನ್ನುವಾಗ ಬಿಸಿ ಹಾಲು, ತುಪ್ಪ. ಮೂರು ದಿನಕ್ಕಿಂತ ಹೆಚ್ಚು ಇಡಬೇಡಿ.

ಅಳವಿ (ಆಳ್ವಿ ಬೀಜ, ಹಲೀಮ್) ಪಾಯಸವೂ ಬಾಣಂತಿಗೆ ಅಂತಲೇ ಮಾಡುವುದು. ಎರಡು ಚಮಚ ಅಳವಿ ಬೀಜವನ್ನು ಅರ್ಧ ತಾಸು ನೆನೆಸಿದರೆ ಉಬ್ಬಿ ಲೋಳೆಯಾಗುತ್ತದೆ. ಎರಡು ಲೋಟ ಹಾಲಿನಲ್ಲಿ ಹತ್ತು ನಿಮಿಷ ಕುದಿಸಿ, ಗ್ಯಾಸ್ ಆರಿಸಿ, ಸ್ವಲ್ಪ ಆರಿದ ಮೇಲೆ ಬೆಲ್ಲ ಹಾಕಿ. ಕುದಿಯುವ ಹಾಲಿಗೆ ಬೆಲ್ಲ ಬಿದ್ದರೆ ಒಡೆದುಹೋಗುತ್ತದೆ.

ಕರಿಯುವ ಸಿಹಿ ಯಾವುದೂ ಬೇಡ. ಕೂಸು ಅಂಬೆಗಾಲಿಡುವ ಮನೆಯಲ್ಲಿ ಕಾದ ಎಣ್ಣೆಯ ಕಡಾಯಿ ಇಟ್ಟುಕೊಂಡು ನಿಲ್ಲುವುದು ಸರಿಯಲ್ಲ. ಕರಿದ ಸಿಹಿಯಾದ ಮಾಲ್ಪುರಿ ತಿನ್ನಬೇಕೆನಿಸಿದರೆ ಅಂಗಡಿಯಿಂದ ತನ್ನಿ.

ಕೂಸಿನ ತಾಟು

ಆರು ತಿಂಗಳ ತನಕ ತಾಯಿಯ ಹಾಲು ಮಾತ್ರ, ನೀರು ಕೂಡ ಬೇಡ, ಬೇಸಿಗೆಯಲ್ಲೂ ಬೇಡ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ ಇದನ್ನೇ. ಆಮೇಲೆ ಬದಿಗೆ ತೆಗೆದಿಟ್ಟ ಉಪ್ಪಿಲ್ಲದ ಬೇಳೆಯನ್ನು ಮೆತ್ತಗೆ ಬೆಂದ ಅನ್ನದ ಜೊತೆ ಕಿವುಚಿ, ತುಪ್ಪ ಹಾಕಿ, ಎರಡು ಮೂರು ಚಮಚದಿಂದ ಶುರು ಮಾಡಿ. ತೀರಾ ನೀರು ಮಾಡಬೇಡಿ, ಚಮಚ ಓರೆ ಮಾಡಿದರೆ ಸುರಿದುಹೋಗದಷ್ಟು ಗಟ್ಟಿ ಇರಲಿ. ಬರೀ ಬೇಳೆಯ ಕಟ್ಟು ಕುಡಿಸುವುದು ನಮ್ಮಲ್ಲಿ ರೂಢಿ, ಅದರಲ್ಲಿ ಹೊಟ್ಟೆ ತುಂಬುತ್ತದೆ, ಶಕ್ತಿ ಸಾಲುವುದಿಲ್ಲ.

ಜೋಳದ ಹಿಟ್ಟಿನ ಗಂಜಿ, ಬೇಯಿಸಿ ಕಿವುಚಿದ ಗಜ್ಜರಿ, ಆಲೂಗಡ್ಡೆ, ಮೊಟ್ಟೆ ತಿನ್ನುವವರ ಮನೆಯಲ್ಲಿ ಚೆನ್ನಾಗಿ ಬೆಂದ ಮೊಟ್ಟೆ. ಹಣ್ಣಿನಲ್ಲಿ ಬಾಳೆಹಣ್ಣಿಗಿಂತ ಸುಲಭದ್ದು ಇಲ್ಲ. ನಮ್ಮದೇ ಜಿಲ್ಲೆಯ ಕಮಲಾಪುರದ ಕೆಂಪು ಬಾಳೆ ಸಿಕ್ಕರೆ ತನ್ನಿ. ಬೆಲೆ ಹೆಚ್ಚು, ಆದರೆ ಒಂದು ಹಣ್ಣಿನಲ್ಲಿ ಕೂಸಿಗೂ ಆಗುತ್ತದೆ, ಉಳಿದದ್ದು ನಿಮಗೂ ಆಗುತ್ತದೆ.

ಒಂದು ವರ್ಷದ ತನಕ ಜೇನುತುಪ್ಪ ನೆಕ್ಕಿಸಲೇಬಾರದು, ಹಿರಿಯರು ಶಾಸ್ತ್ರ ಎಂದರೂ. ಅದರಲ್ಲಿ ಇರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾ ಎಳೆ ಕೂಸಿನ ಹೊಟ್ಟೆಯಲ್ಲಿ ಬೆಳೆದು ವಿಷವಾಗುತ್ತದೆ. ಉಪ್ಪು, ಸಕ್ಕರೆ, ಬೆಲ್ಲವೂ ಆ ವಯಸ್ಸಿಗೆ ಬೇಡ, ಅದಕ್ಕೆ ರುಚಿ ಗೊತ್ತಿಲ್ಲ, ಸಪ್ಪೆ ಅನ್ನಿಸುವುದು ನಮಗೆ. ಇಡೀ ಶೇಂಗಾ, ಪುಟಾಣಿ, ದ್ರಾಕ್ಷಿ ಕೈಗೆ ಕೊಡಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಚುರುಮುರಿ ತಾಟು ನೆಲದ ಮೇಲೆ ಇಟ್ಟು ಹೋಗುವವರಿಗೆ ಇದನ್ನು ಜೋರಾಗಿಯೇ ಹೇಳಿ.

ಕೂಸು ನೋಡಲು ಬರುವವರು

ಬರುವವರೆಲ್ಲ ಬಿಸ್ಕಿಟ್ ಪುಡಿಕೆ, ಸೇಬು ತರುತ್ತಾರೆ. ಹತ್ತಿರದವರಾದರೆ ಸಂಕೋಚ ಬಿಟ್ಟು ಹೇಳಿ, ಅಕ್ಕಾ, ಬರುವಾಗ ನಾಲ್ಕು ಬಿಸಿ ರೊಟ್ಟಿ, ಒಂದಿಷ್ಟು ಪಲ್ಯ ತಂದುಬಿಡಿ ಅಂತ. ಖುಷಿಯಿಂದ ತರುತ್ತಾರೆ, ಏನು ತರಲಿ ಎಂದು ತಲೆ ಕೆಡಿಸಿಕೊಳ್ಳುವುದೂ ತಪ್ಪುತ್ತದೆ. ಬಂದವರಿಗೆ ಚಹಾ ಮಾಡುವುದು ಗಂಡನ ಪಾಲು, ಜೊತೆಗೆ ಕೊಡಲು ಶೇಂಗಾ ಉಂಡೆ ಇದ್ದೇ ಇದೆ. ಕಾಕು (ಚಿಕ್ಕಮ್ಮ) ಅಥವಾ ಪಕ್ಕದ ಮನೆಯ ಅಮ್ಮ ಅಡುಗೆಮನೆಗೆ ಬಂದು ನಾನೇನು ಮಾಡಲಿ ಎಂದರೆ, ಅಯ್ಯೋ ಬೇಡ ಅನ್ನಬೇಡಿ, ಉತ್ತತ್ತಿ ಬೀಜ ತೆಗೆಯಲು ಕೊಡಿ. ಅವರ ಡಬ್ಬಿ ಖಾಲಿ ವಾಪಸ್ ಕೊಡಬಾರದು ಅನ್ನುವ ಪದ್ಧತಿ ನಿಮ್ಮಲ್ಲಿದ್ದರೆ ಅದಕ್ಕಾಗಿ ಬೇರೆ ಅಡುಗೆ ಮಾಡಲು ಹೋಗಬೇಡಿ, ಎರಡು ಚಮಚ ಸಕ್ಕರೆ ಹಾಕಿ ಕೊಟ್ಟರೆ ನಡೆಯುತ್ತದೆ.